ಎಪ್ಪತ್ತೆಂಟು ಕಿಲೋ ಎಂದವನಿಗೆ ಕೊಟ್ಟ ಫಿನ್

ಸರೋವರದ ದಡದಲ್ಲಿ ದೋಣಿ ಕ್ಲಬ್ಬಿನ ಬಿಳಿಗೋಡೆ ಮುಗಿದು ಹಿಂಬದಿಯ ರಸ್ತೆ ತೊಡಗುವ ಮೂಲೆಯಲ್ಲಿ ಒಂದು ತಗಡಿನ ಷೆಡ್ಡಿದೆ. ಅದರ ಅರ್ಧದಲ್ಲಿ, ಹರಿದ ಹಾಯಿಗಳಿಗೆ ತೇಪೆ ಹಾಕುವ ಮುದುಕನೊಬ್ಬ ಹೊಲಿಗೆಯಂತ್ರದ ಮುಂದೆ ಬೆನ್ನು ಬಾಗಿಸಿಕೊಂಡು ಕುಳಿತಿರುತ್ತಾನೆ. ಅವನನ್ನು ಊರೆಲ್ಲ ಟೇಲರ್ ಎನ್ನುತ್ತದೆ. ಇನ್ನರ್ಧ, ಫಿನ್ ಮಾಡಿಕೊಡುವ ಫಿನ್ನಕ್ಕನದು.

ಹಾಯಿ ಕಟ್ಟಿದ ಹಲಗೆಯ ಮೇಲೆ ನಿಂತು, ಗಾಳಿಯನ್ನೇ ಕುದುರೆ ಮಾಡಿಕೊಂಡು ನೀರಿನ ಮೇಲೆ ಓಡುವ ವಿಂಡ್‌ಸರ್ಫಿಂಗ್ ಆಟವನ್ನು ದಡದಿಂದ ನೋಡುವವರಿಗೆ ಹಾಯಿಯ ಬಣ್ಣ ಕಾಣುತ್ತದೆ, ಹಲಗೆಯ ಓಟ ಕಾಣುತ್ತದೆ, ಮೇಲೆ ನಿಂತವನ ಠೀವಿ ಕಾಣುತ್ತದೆ. ಹಲಗೆಯ ಹಿಂತುದಿಯ ಅಡಿಯಲ್ಲಿ, ಮೀನಿನ ಈಜುರೆಕ್ಕೆಯಂತೆ ನೀರಿಗಿಳಿದಿರುವ ಅಲಗು ಮಾತ್ರ ಕಾಣುವುದಿಲ್ಲ. ಅದೇ ಫಿನ್. ಕಾಣದ ಅದು ಅಳತೆ ತಪ್ಪಿತೆಂದರೆ ಕಾಣುವ ಮೂರೂ ನೀರುಪಾಲಾದವೆಂದೇ ತಿಳಿಯಬೇಕು.

ಆ ಅಳತೆಯ ಧರ್ಮವನ್ನು ಫಿನ್ನಕ್ಕ ತನ್ನ ತಂದೆಯಿಂದ ಕಲಿತವಳು. ಗಾಳಿ ಬಲವಾಗಿದ್ದು ಹಾಯಿ ಕಿರಿದಾದರೆ ಫಿನ್ನೂ ಕಿರಿದಾಗಬೇಕು. ಗಾಳಿ ಮಂದವಾಗಿದ್ದು ಹಾಯಿ ಹಿರಿದಾದರೆ ಫಿನ್ನೂ ನೀಳವಾಗಬೇಕು. ನಿಲ್ಲುವ ಆಳು ಭಾರವಾದಷ್ಟೂ ಅದಕ್ಕೆ ಇನ್ನಷ್ಟು ಉದ್ದ ಬೇಕು. ತಪ್ಪಿನಲ್ಲೂ ಎರಡು ಜಾತಿಯಿದೆ. ಬೇಕಾದುದಕ್ಕಿಂತ ಚಿಕ್ಕ ಫಿನ್ ಹಾಕಿದರೆ, ಕಾಲೊತ್ತಿದೊಡನೆ ಹಲಗೆಯ ಬಾಲ ಎಣ್ಣೆಯ ಮೇಲಿಟ್ಟ ಹೆಜ್ಜೆಯಂತೆ ಪಕ್ಕಕ್ಕೆ ಜಾರುತ್ತದೆ, ಆಳು ನೀರಿಗೆ ಕುಳಿತುಬಿಡುತ್ತಾನೆ, ನೋಡಿದವರು ನಗುತ್ತಾರೆ, ಅಷ್ಟೆ. ಬಿರುಗಾಳಿಯಲ್ಲಿ ದೊಡ್ಡ ಫಿನ್ ಹಾಕಿದರೆ ಮಾತ್ರ ಹಲಗೆ ಹೆಡೆಯೆತ್ತುತ್ತದೆ, ಮಗುಚುತ್ತದೆ, ಹಲಗೆಯ ಮೇಲಿನ ಕಾಲುಪಟ್ಟಿಯೊಳಗೆ ಸಿಕ್ಕಿದ ಕಾಲನ್ನು ತನ್ನೊಡನೆ ತಿರುಚಿಕೊಂಡೇ ಮಗುಚುತ್ತದೆ. ತಂದೆ ಹೇಳುತ್ತಿದ್ದ: "ಮಗಳೇ, ಚಿಕ್ಕದು ಮಾನ ತೆಗೆಯುತ್ತೆ, ದೊಡ್ಡದು ಮೂಳೆ ತೆಗೆಯುತ್ತೆ. ಎರಡನ್ನೂ ನೆನಪಿಟ್ಕೊಂಡು ಸ್ಕ್ರೂ ತಿರುಗಿಸು."

ಈ ಕಸುಬಿನಲ್ಲಿ ಗಾಳಿ ಸುಳ್ಳು ಹೇಳುವುದಿಲ್ಲ, ಹಾಯಿ ಸುಳ್ಳು ಹೇಳುವುದಿಲ್ಲ. ಸುಳ್ಳು ಹೇಳುವುದು ತೂಕವೊಂದೇ. ಹೊಟ್ಟೆ ಬಂದವರು ತಮ್ಮ ತೂಕದಿಂದ ಒಂದಷ್ಟು ಕಳೆದು ಹೇಳುತ್ತಾರೆ. ಮೀಸೆ ಚಿಗುರುತ್ತಿರುವವರು ಒಂದಷ್ಟು ಕೂಡಿಸಿ ಹೇಳುತ್ತಾರೆ. ಆದುದರಿಂದ ಆ ದಡದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಫಿನ್ ಕೊಡುವವರು ತೂಕವನ್ನು ಕೇಳಬೇಕು, ಬಂದವರು ಹೇಳಬೇಕು, ಹೇಳಿದ್ದನ್ನು ಇಬ್ಬರೂ ಅಲ್ಲಿಯೇ ಮರೆಯಬೇಕು. ಆಕೆ ಕೆಲಸ ಮಾಡುವೆಡೆಯ ಬಾಗಿಲಲ್ಲಿ ಒಂದು ಪಟ್ಟೆ ಒದ್ದೆ ಮರಳು ಹಾಸಿರುತ್ತಿತ್ತು. ಬರಿಗಾಲಿನವನು ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ, ಹಿಮ್ಮಡಿ ಎಷ್ಟು ಇಳಿಯಿತೆಂಬುದನ್ನು ಫಿನ್ನಕ್ಕ ಒಂದು ನೋಟದಲ್ಲಿ ಓದಿಬಿಡುತ್ತಿದ್ದಳು. ಕೇಳಿದ್ದು ಮರ್ಯಾದೆಗೆ, ಕಂಡದ್ದು ಕಸುಬಿಗೆ. ಹೀಗೆ ಯಾರ ಗುಟ್ಟೂ ಒಡೆಯದೆ, ಯಾರ ಹಲಗೆಯೂ ಜಾರದೆ ಕಾಲ ಸಾಗಿತ್ತು.

ಆಗ ಆಕೆಯ ಬೆಂಚು ಇದ್ದದ್ದು ಈ ಹಿಂಬದಿಯ ಷೆಡ್ಡಿನಲ್ಲಲ್ಲ. ಕ್ಲಬ್ಬಿನೊಳಗೆ, ನೀರಿಗೆದುರಾದ ದೊಡ್ಡ ಕಿಟಕಿಯ ಕೆಳಗೆ. ಆಕೆಯ ಹಿರಿಯಕ್ಕನ ಗಂಡ ಕ್ಲಬ್ಬಿನ ಮುಖ್ಯಸ್ಥನಾಗಿದ್ದ. ಆಕೆಯ ತಮ್ಮ, ಕಲಿಯಲು ಬಂದವರಿಗೆ ಹಲಗೆ ಓಡಿಸುವುದನ್ನು ಹೇಳಿಕೊಡುತ್ತಿದ್ದ. ನೀರಿನ ಮೇಲೆ ಅವನಷ್ಟು ಚೆಂದ ನಿಲ್ಲುವವರು ಆ ದಡದಲ್ಲಿ ಇನ್ನೊಬ್ಬರಿರಲಿಲ್ಲ. ತಾಯಿಯಿಲ್ಲದ ಆ ಕಿರಿಯವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಫಿನ್ನಕ್ಕ. ತನಗೊಂದು ಸಂಸಾರವೆಂದು ಆಕೆ ಕಟ್ಟಿಕೊಂಡದ್ದಿಲ್ಲ, ಇದ್ದದ್ದೆಲ್ಲ ಅವನೇ.

ಒಂದು ಮಧ್ಯಾಹ್ನ ಗಾಳಿ ಕೆರಳಿತು. ಕಲಿಯುವವರಿಬ್ಬರು ನಡುನೀರಿನಲ್ಲಿ ಸಿಕ್ಕಿಕೊಂಡರು. ಅವರನ್ನು ಕರೆತರಲು ತಮ್ಮ ಹೊರಟ. ಬೆಳಗ್ಗೆ ತಾನೇ ಅಕ್ಕ-ತಮ್ಮಂದಿರಿಗೆ, ಅವನು ಮನೆ ಬಿಟ್ಟು ಬೇರೆ ಕೋಣೆ ಹಿಡಿಯುವ ವಿಷಯದಲ್ಲಿ ಜಗಳವಾಗಿತ್ತು. ಮುಖ ಕೊಟ್ಟು ಮಾತನಾಡಿರಲಿಲ್ಲ. ಆದರೂ ಆಕೆ ಗಾಳಿಯನ್ನು ನೋಡಿ, ಅವನ ಹಲಗೆಗೆ ತನ್ನಲ್ಲಿದ್ದ ಅತಿ ಚಿಕ್ಕ ಫಿನ್ನನ್ನು ಸ್ಕ್ರೂ ಬಿಗಿದು ದಡದಲ್ಲಿಟ್ಟು, ಹಗ್ಗ ತರಲು ಒಳಗೆ ಹೋದಳು. ಹಿಂದಿರುಗಿ ಬರುವಷ್ಟರಲ್ಲಿ ತಮ್ಮ ನೀರಿನ ಮೇಲಿದ್ದ. ಹಲಗೆ ಹೆಡೆಯೆತ್ತಿತು; ಮಗುಚಿತು. ದೋಣಿ ಅವನನ್ನು ಎತ್ತಿ ತಂದಾಗ ಬಲ ಮೊಣಕಾಲು ತಿರುಗಬಾರದ ದಿಕ್ಕಿಗೆ ತಿರುಗಿತ್ತು. ಹಲಗೆಯ ಅಡಿಯಲ್ಲಿದ್ದದ್ದು ಮಂದಗಾಳಿಯ ನೀಳ ಫಿನ್.

"ಇವಳೇ ಹಾಕಿದ್ದು. ಬೆಳಗಿನ ಜಗಳದ ಗುಂಗು, ಕಣ್ಣು ಮಂಜಾಗಿದೆ," ಎಂದ ಭಾವ. ಫಿನ್ನುಗಳು ಆಕೆಯ ಕೈಯನ್ನಲ್ಲದೆ ಬೇರೆ ಕೈಯನ್ನು ಹಾದುಹೋಗದ ಜಾಗದಲ್ಲಿ ಆ ಮಾತನ್ನು ಯಾರು ತಾನೆ ಅಲ್ಲಗಳೆಯಬೇಕು? ತಾನು ಬಿಗಿದ ಚಿಕ್ಕ ಫಿನ್ ಭಾವನ ಅತಿಥಿಯೊಬ್ಬನ ಹಲಗೆಯಡಿಯಲ್ಲಿ ಮಿನುಗುತ್ತಿದ್ದುದನ್ನು ಆಕೆ ಕಣ್ಣಾರೆ ಕಂಡಳು. ನಾಲ್ವರನ್ನು ಕರೆದು ತೋರಿಸಹೋದಾಗ ಹಲಗೆಯೂ ಇರಲಿಲ್ಲ, ಅತಿಥಿಯೂ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ತಮ್ಮ ಗೋಡೆಯ ಕಡೆಗೆ ಮುಖ ಮಾಡಿ ಹೇಳಿದ: "ಬೇಕಂತ ಮಾಡಿದೆ ಅನ್ನಲ್ಲ ಚಿಕ್ಕಕ್ಕ. ಆದ್ರೆ ತಪ್ಪಾಯ್ತು ಅಂತಾದ್ರೂ ಒಪ್ಕೋ."

ಮಾಡದ ತಪ್ಪನ್ನು ಆಕೆ ಒಪ್ಪಲಿಲ್ಲ. ಅವನು ಮಾತು ಬಿಟ್ಟ. ಕ್ಲಬ್ಬು ಬೆಂಚನ್ನು ಹೊರಗಿಟ್ಟಿತು. ಟೇಲರ್ ತನ್ನ ಷೆಡ್ಡಿನ ಅರ್ಧವನ್ನು ಬಿಟ್ಟುಕೊಟ್ಟು, "ಬಾಮ್ಮ, ನನ್ನ ಮಿಷನ್ ಸದ್ದಿಗೆ ಹೇಗೂ ಯಾರೂ ಬರಲ್ಲ, ನೀನಾದ್ರೂ ಬಾ," ಎಂದ.

ಹಾವಿನ ದ್ವೇಷ ಹನ್ನೆರಡು ವರುಷವೆಂಬ ಗಾದೆಯಿದೆ. ಹಾವಿಗೆ ಹುತ್ತವಾದರೂ ಇರುತ್ತದೆ; ಈಕೆಗಿದ್ದದ್ದು ಕೆಲಸವೊಂದೇ. ಫೈಬರಿನ ಹಾಳೆ ಕೊಯ್ಯುವಾಗ, ಅಂಟು ಕಲಸುವಾಗ, ಅಂಚು ಮಸೆಯುವಾಗ ಆಕೆ ಸೇಡನ್ನು ನೆನೆಯುತ್ತಿದ್ದಳು. ಬೆಳಗಿನ ಪ್ರಾರ್ಥನೆಗೆ ಕೈಮುಗಿದಾಗಲೂ "ದೇವರೇ, ಅವನ ಬಾಯಿಂದಲೇ ಬರಲಿ" ಎಂಬುದಲ್ಲದೆ ಬೇರೊಂದು ಬೇಡಿಕೆ ಬರುತ್ತಿರಲಿಲ್ಲ. ಭಾವ ಸಾಯಬೇಕೆಂದು ಆಕೆ ಬಯಸಿದವಳಲ್ಲ. ಸತ್ತರೆ ಸತ್ಯ ಅವನೊಡನೆಯೇ ಮಣ್ಣಾಗುತ್ತದೆ. ಅವನು ಬದುಕಿರಬೇಕು, ನಿಂತಿರಬೇಕು, ಜನರ ನಡುವೆ ನಿಂತಿರಬೇಕು. ತಮ್ಮ ಅದನ್ನು ಕೇಳಬೇಕು. ದ್ವೇಷಕ್ಕೂ ಹೀಗೊಂದು ನಿಯಮವಿದ್ದರೆ ಅದು ತಪಸ್ಸಿನ ಮಗ್ಗುಲಲ್ಲೇ ಕುಳಿತುಕೊಳ್ಳುತ್ತದೆ. ತಪಸ್ಸಿಗೆ ಒಲಿಯುವ ದೈವ ಅದಕ್ಕೆ ಒಲಿಯುತ್ತದೆಯೋ ಇಲ್ಲವೋ ಎಂಬುದು ಬೇರೆಯ ಪ್ರಶ್ನೆ.

ಎದುರು ದಡದ ಕ್ಲಬ್ಬಿನೊಡನೆ ಹಿರಿಯರ ಪಂದ್ಯ ನಿಶ್ಚಯವಾದ ವರುಷ, ಭಾವ ತಾನೇ ಹಲಗೆಯೇರುವೆನೆಂದು ಸಾರಿದ. ಪಂದ್ಯದ ಹಿಂದಿನ ದಿನ ಅವನ ಫಿನ್ ಕಲ್ಲಿಗೆ ಬಡಿದು ಬುಡದಲ್ಲಿ ಸೀಳಿತು. ಬೇರೆ ಊರಿನಿಂದ ತರಿಸಲು ಸಮಯವಿರಲಿಲ್ಲ. ಹಿರಿಯಕ್ಕ ಅವನನ್ನು ಮುಂದಿಟ್ಟುಕೊಂಡು ಷೆಡ್ಡಿಗೆ ಬಂದಳು; ಅವನು ಹಲಗೆಯನ್ನು ಹೊರಗೋಡೆಗೆ ಒರಗಿಸಿದ.

"ಏನೇ, ಇದೀಯಾ?" ಎಂದಳು ಹಿರಿಯಕ್ಕ, ಒಳಗೆ ಬರಲೂ ಹೊರಗೆ ನಿಲ್ಲಲೂ ಆಗದೆ. "ಹಳೇದೆಲ್ಲ ಇರ್ಲಿ. ಎಷ್ಟಾದ್ರೂ ನಿನ್ನ ಭಾವ."

"ಇಲ್ಲ ಅಂದೋರ್ಯಾರು ಅಕ್ಕ? ಭಾವ ಅಂತಲೇ ಇಷ್ಟು ದಿನ ನೆನಪಿಟ್ಕೊಂಡಿದೀನಿ. ಬನ್ನಿ ಭಾವ, ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ."

ಭಾವ ಒದ್ದೆ ಮರಳನ್ನು ದಾಟಿ ಬಂದ. ಹಿಮ್ಮಡಿ ಇಳಿದ ಗುಳಿಯಲ್ಲಿ ನೀರು ಒಸರಿ ನಿಂತಿತು. ತೊಂಬತ್ತೈದಕ್ಕೆ ಕಡಿಮೆಯಿಲ್ಲವೆಂದು ಫಿನ್ನಕ್ಕನ ಕಣ್ಣು ಹೇಳಿತು. ಟೇಲರನ ಬಳಿ ಹರಿದ ಹಾಯಿ ತಂದಿದ್ದ ಕ್ಲಬ್ಬಿನ ಸದಸ್ಯರಿಬ್ಬರು ಮುಖ್ಯಸ್ಥನನ್ನು ಕಂಡು ಎದ್ದು ನಿಂತರು.

"ಗಾಳಿ ನಾಳೆ ಸಾಧಾರಣ," ಎಂದಳು ಆಕೆ. "ಹಾಯಿ ಯಾವುದು?"

"ದೊಡ್ಡದೇ."

"ತೂಕ?"

ಭಾವ ಎದ್ದು ನಿಂತವರ ಕಡೆಗೊಮ್ಮೆ ನೋಡಿ, ಹೊಟ್ಟೆಯನ್ನು ಒಳಗೆಳೆದುಕೊಂಡ. "ಎಪ್ಪತ್ತೆಂಟು ಕಿಲೋ."

ಟೇಲರನಿಗೆ ಕೆಮ್ಮು ಬಂತು. ಭಾವನ ಸೊಂಟದ ಪಟ್ಟಿಯನ್ನು ಆ ವರುಷ ಬಿಚ್ಚಿ ಅಗಲಿಸಿದವನು ಅವನೇ. "ದಾರ ಗಂಟಲಿಗೆ ಸಿಕ್ಕಿತು," ಎಂದು ಯಂತ್ರದ ಮೇಲೆ ಬಾಗಿದ.

ಪದ್ಧತಿಯ ಪ್ರಕಾರ ಹೇಳಿದ್ದನ್ನು ಮರೆಯಬೇಕಾದ ಗಳಿಗೆ ಅದು. ಫಿನ್ನಕ್ಕ ಮರೆಯಲಿಲ್ಲ. ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದ ಫಿನ್ನುಗಳಲ್ಲಿ ಆ ಹಿಮ್ಮಡಿಗೆ ಸಲ್ಲುವ ನಲವತ್ತೆರಡು ಸೆಂಟಿಮೀಟರಿನದನ್ನು ಆಕೆಯ ಕೈ ಅಭ್ಯಾಸದಿಂದಲೇ ಮುಟ್ಟಿತು. ಮುಟ್ಟಿದ ಕೈಯನ್ನು ಆಕೆ ಅಲ್ಲಿಯೇ ತಡೆದಳು. ಈ ಮನುಷ್ಯನ ಸುಳ್ಳನ್ನು ಊರೆಲ್ಲ ನಂಬಿ ತನ್ನನ್ನು ಹೊರಗೆ ಹಾಕಿತಲ್ಲ. ತಾನೊಬ್ಬಳು ಮಾತ್ರ ಏಕೆ ನಂಬದೆ ಉಳಿಯಬೇಕು? ಈತ ಹೇಳಿದ್ದನ್ನು ತಾನೂ ಒಮ್ಮೆ ಅಕ್ಷರಶಃ ನಂಬಿಬಿಡೋಣ. ಕೈ ಸರಿದು ಮೂವತ್ತಾರರದನ್ನು ಇಳಿಸಿತು.

ಭಾವ ಅದನ್ನು ತಿರುವಿ ನೋಡಿದ. "ಚಿಕ್ಕದಾಯ್ತೇನೋ?"

"ಎಪ್ಪತ್ತೆಂಟಕ್ಕೆ ಇದೇ ಸರಿ ಭಾವ." ಆಕೆ ಸ್ಕ್ರೂವನ್ನು ಅಂಗೈಯಲ್ಲಿ ಹಿಡಿದು ಕಾದಳು. "ಬೇಕಾದ್ರೆ ಬದಲಾಯಿಸ್ತೀನಿ. ತೂಕ ಇನ್ನೊಂದ್ಸಲ ಹೇಳಿ."

ಷೆಡ್ಡಿನಲ್ಲಿ ಯಂತ್ರದ ಸದ್ದು ನಿಂತಿತ್ತು. ಸದಸ್ಯರಿಬ್ಬರೂ ಅವನನ್ನೇ ನೋಡುತ್ತಿದ್ದರು. ಒಂದು ಮಾತು ತಿದ್ದಿದ್ದರೆ ಸಾಕಿತ್ತು.

"ಹೇಳಿದ್ನಲ್ಲ," ಎಂದ ಭಾವ. "ಎಪ್ಪತ್ತೆಂಟು. ಬಿಗಿ."

ಆಕೆ ಬಿಗಿದಳು.

ಮರುದಿನ ಗಾಳಿ ಆಕೆ ಹೇಳಿದಂತೆಯೇ ಬಂದಿತು. ಯಾರನ್ನೂ ಹೆದರಿಸದ, ಯಾರನ್ನೂ ಸೋಮಾರಿಯಾಗಿಸದ ಹದದ ಗಾಳಿ. ಎರಡು ಕ್ಲಬ್ಬುಗಳ ಜನ ದಡದ ಮೆಟ್ಟಿಲುಗಳ ಮೇಲೆ ತುಂಬಿದ್ದರು. ತಮ್ಮ, ಬಲಗಾಲನ್ನು ಬಾಗಿಸಲಾಗದವನಾದುದರಿಂದ, ಈಗ ಪಂದ್ಯಗಳಲ್ಲಿ ಬಾವುಟ ಬೀಸುವ ಕೆಲಸದಲ್ಲಿದ್ದ. ಕಟ್ಟೆಯ ತುದಿಯಲ್ಲಿ ಕೋಲೂರಿ ನಿಂತಿದ್ದ. ಫಿನ್ನಕ್ಕ ಟೇಲರನೊಡನೆ ಕೊನೆಯ ಮೆಟ್ಟಿಲಿನ ಮೇಲೆ ಕುಳಿತಳು. ಕ್ಲಬ್ಬಿನ ಗೋಡೆಯ ಒಳಗೆ ಆಕೆ ಕಾಲಿಟ್ಟದ್ದು ಹೊರಹಾಕಿದ ಮೇಲೆ ಅದೇ ಮೊದಲು.

ಬಾವುಟ ಬಿದ್ದಿತು. ಉಳಿದವರ ಹಲಗೆಗಳು ನೀರಿನ ಮೇಲೇರಿ ಓಡತೊಡಗಿದರೂ ಭಾವನದು ಬಸುರಿ ಎಮ್ಮೆಯಂತೆ ನೀರಿನಲ್ಲೇ ಉಳಿಯಿತು. ಅವನು ಹಾಯಿಯನ್ನು ಜಗ್ಗಿದ, ಹೇಗೋ ಏರಿತು. ತಿರುವು ತೋರಿಸಲು ತೇಲಿಬಿಟ್ಟ ಬುರುಡೆಯ ಬಳಿ ಹಿಂಗಾಲನ್ನು ಒತ್ತಿದ. ಹಲಗೆಯ ಬಾಲ ಸರಕ್ಕನೆ ಪಕ್ಕಕ್ಕೆ ಜಾರಿತು. ಮುಖ್ಯಸ್ಥ ಕುರ್ಚಿಯಿಲ್ಲದೆಡೆ ಕುಳಿತವನಂತೆ ನೀರಿಗೆ ಕುಳಿತ. ಎದ್ದ, ಏರಿದ, ಒತ್ತಿದ, ಕುಳಿತ. ಎದುರು ದಡದವರು ಮೊದಲು ಕೈಯಡ್ಡ ಹಿಡಿದು ನಕ್ಕರು, ಆಮೇಲೆ ಕೈ ತೆಗೆದು ನಕ್ಕರು.

"ಎಪ್ಪತ್ತೆಂಟು ಕಿಲೋ ಇಷ್ಟು ಸಲ ಮುಳುಗುತ್ತಾ?" ಎಂದ ಟೇಲರ್, ಆಕಾಶವನ್ನು ನೋಡುತ್ತ.

"ನೀರು ಉಬ್ಬಿದ್ದು ನೋಡಿದ್ರೆ ಅನುಮಾನ ಬರುತ್ತೆ," ಎಂದಳು ಆಕೆ. ಎದೆಯೊಳಗಿನ ಉರಿಗೆ ತುಪ್ಪ ಬಿದ್ದಂತಿತ್ತು. ಅದರ ಬೆಳಕು ಮುಖಕ್ಕೆ ಬಾರದಂತೆ ಆಕೆ ಸೆರಗನ್ನು ಎಳೆದುಕೊಂಡಳು.

ಎಲ್ಲರಿಗಿಂತ ಕೊನೆಯಲ್ಲಿ ಭಾವ ದಡ ಸೇರಿದ. ಹಲಗೆಯನ್ನು ಮರಳಿನ ಮೇಲೆ ಕೆಡವಿ, ಉಸಿರು ಹಿಡಿಯುವ ಮೊದಲೇ ಮೆಟ್ಟಿಲ ಕಡೆ ಬೆರಳು ಚಾಚಿದ. "ತಪ್ಪು ಫಿನ್ ಕೊಟ್ಟಳು. ಇವಳ ಕೈಯೇ ಅಂಥದ್ದು. ತಮ್ಮನಿಗೆ ಮಾಡಿದ್ದನ್ನೇ ನನಗೂ ಮಾಡಿದ್ಲು."

ಜನ ತಿರುಗಿ ನೋಡಿದರು. ಕಟ್ಟೆಯ ತುದಿಯಿಂದ ತಮ್ಮ ಕುಂಟುತ್ತ ಇಳಿದು ಬಂದ. ಅವನ ಮುಖದಲ್ಲಿ ಆಸ್ಪತ್ರೆಯ ದಿನದ ಅದೇ ಗೋಡೆಯಿತ್ತು. ಫಿನ್ನಕ್ಕ ಎದ್ದು ನಿಂತಳು.

"ನೀವು ಹೇಳಿದ ತೂಕಕ್ಕೆ ಕೊಟ್ಟೆ ಭಾವ. ಎಪ್ಪತ್ತೆಂಟು ಅಂದ್ರಿ. ಎರಡು ಸಲ ಅಂದ್ರಿ. ಕೇಳಿದೋರಿದ್ದಾರೆ."

ಹಾಯಿ ತಂದಿದ್ದ ಸದಸ್ಯರು ತಲೆಯಾಡಿಸಿದರು. ಗುಂಪಿನಲ್ಲಿ ಯಾರೋ, "ಎಪ್ಪತ್ತೆಂಟೇ? ಯಾವ ಕಾಲದ ಮಾತು?" ಎಂದರು. ನಗೆ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯಿತು. ಆ ನಗೆಯಲ್ಲಿ ಭಾವನ ವಿವೇಕ ಕೊಚ್ಚಿಕೊಂಡು ಹೋಯಿತು.

"ಹೇಳಿದ ತೂಕಕ್ಕಂತೆ!" ಎಂದ. "ಹೇಳಿದ ತೂಕವನ್ನ ಇವಳು ಯಾವತ್ತು ನಂಬಿದ್ದಾಳೆ? ಕೇಳಿ ಇಲ್ಲಿರೋರನ್ನ. ಹಿಮ್ಮಡಿ ನೋಡಿ ಕಿಲೋ ಹೇಳ್ತಾಳೆ. ಆ ಕಣ್ಣು ಈ ಜನ್ಮದಲ್ಲಿ ಒಂದು ಸಲವೂ ತಪ್ಪಿಲ್ಲ, ತಪ್ಪೋದೂ ಇಲ್ಲ. ಫಿನ್ ವಿಷಯದಲ್ಲಿ ಇವಳಿಗೆ ಮರೆವು ಬಂತು, ಮಂಜು ಬಂತು ಅಂದ್ರೆ ನಾನಂತೂ ನಂಬಲ್ಲ. ಗೊತ್ತಿದ್ದೇ ಮಾಡಿದಾಳೆ."

ಹೇಳಿ ಮುಗಿಸಿದ ಮೇಲೆ ಅವನು ಉಸಿರೆಳೆದುಕೊಂಡ. ಭಾವನೇನು ಹೇಳಿದನೆಂಬುದು ಅವನಿಗಿಂತ ಮೊದಲು ತಮ್ಮನಿಗೆ ತಿಳಿಯಿತು.

"ಒಂದು ಸಲವೂ ತಪ್ಪಿಲ್ವಾ ಭಾವ?" ಎಂದ ತಮ್ಮ, ಬಹಳ ಮೆಲ್ಲಗೆ. "ಆವತ್ತು ಮಂಜು ಬಂದಿತ್ತು ಅಂದ್ರಲ್ಲ."

"ಆವತ್ತಿಂದು ಬೇರೆ."

"ಏನು ಬೇರೆ? ತಪ್ಪದ ಕಣ್ಣು ಆವತ್ತೂ ತಪ್ಪಿರಲ್ಲ. ಬೇಕಂತ ಮಾಡಿದಾಳೆ ಅಂತ ಆವತ್ತು ನೀವೂ ಹೇಳಲಿಲ್ಲ, ನಾನೂ ನಂಬಲ್ಲ. ಜಗಳ ಆಡಿದ್ರೂ ನನ್ನ ಕಾಲು ಮುರಿಯೋಳಲ್ಲ ಇವಳು. ಹಾಗಾದ್ರೆ ಇವಳು ಬಿಗಿದದ್ದು ಸರಿಯಾದದ್ದೇ. ಬಿಚ್ಚಿದೋರು ಯಾರು?"

ಭಾವ ಹೆಂಡತಿಯ ಕಡೆ ನೋಡಿದ. ಹಿರಿಯಕ್ಕ ಅವನಿಗೆಂದು ಟವೆಲನ್ನು ಬಿಡಿಸಿ ಹಿಡಿದು ನಿಂತಿದ್ದಳು. "ಹೇಳಿ," ಎಂದಳು. ಅವನು ಟವೆಲಿಗೆ ಕೈಚಾಚಿದಾಗ, ಅದನ್ನು ನಿಧಾನವಾಗಿ ಮಡಿಸಿ ತನ್ನ ಹೆಗಲ ಮೇಲೆ ಹಾಕಿಕೊಂಡಳು. ಕ್ಲಬ್ಬಿನ ಮುಖ್ಯಸ್ಥ ಅಷ್ಟು ಜನರೆದುರು ನೀರು ಸುರಿಸುತ್ತ ನಿಂತ.

"ಅತಿಥಿಗೆ ಚಿಕ್ಕ ಫಿನ್ ಇರಲಿಲ್ಲ," ಎಂದ ಕೊನೆಗೆ, ತನ್ನ ಕಾಲುಗಳನ್ನು ನೋಡುತ್ತ. "ಇವನು ಗಟ್ಟಿಗ. ಹೇಗೋ ತಡ್ಕೋತಾನೆ ಅಂದ್ಕೊಂಡೆ." ಹಲಗೆಯನ್ನು ಅಲ್ಲಿಯೇ ಬಿಟ್ಟು ಮೆಟ್ಟಿಲ ಕಡೆ ನಡೆದ. ಗುಂಪು ಅವನಿಗೆ ದಾರಿ ಬಿಟ್ಟಿತು. ಗೌರವದ ದಾರಿಯಲ್ಲ, ಒದ್ದೆ ನಾಯಿ ಹಾದುಹೋಗುವಾಗ ಬಟ್ಟೆ ಎಳೆದುಕೊಂಡು ಬಿಡುವ ದಾರಿ.

ಹಗೆ ತೀರಿದರೆ ಮನಸ್ಸು ಹತ್ತಿಯಂತೆ ಹಗುರಾಗುತ್ತದೆಂದು ಫಿನ್ನಕ್ಕ ಬಗೆದಿದ್ದಳು. ಷೆಡ್ಡಿಗೆ ಹಿಂದಿರುಗಿ ಕೈ ತೊಳೆದಾಗ ಸಂತೋಷವೇನೋ ಇತ್ತು. ಪಶ್ಚಾತ್ತಾಪ ಹುಡುಕಿದರೂ ಸಿಗಲಿಲ್ಲ. ಆದರೆ ಕಡಾಯಿಯಡಿಯಲ್ಲಿ ಸೀದು ಅಂಟಿದ ಪದರದಂತೆ ಏನೋ ಒಂದು ಉಳಿದಿತ್ತು. ಅದೇನೆಂದು ಆಕೆಗೆ ತಿಳಿದದ್ದು ಇಳಿಹೊತ್ತಿನಲ್ಲಿ ತಮ್ಮ ಬಾಗಿಲಿಗೆ ಬಂದು ನಿಂತಾಗ.

"ಚಿಕ್ಕಕ್ಕ."

ಆಕೆ ತಲೆಯೆತ್ತಲಿಲ್ಲ.

"ಇವತ್ತು ಗೊತ್ತಿದ್ದೇ ಕೊಟ್ಟೆ, ಅಲ್ವಾ?"

"ಹೌದು."

"ಅವನಿಗೆ ಏನಾದ್ರೂ ಆಗಿದ್ರೆ?"

"ದೊಡ್ಡದು ಕೊಟ್ಟಿದ್ರೆ ಆಗ್ತಿತ್ತು. ಚಿಕ್ಕದು ಕೊಟ್ಟೆ. ಗಾಳಿ ನೋಡಿದೆ, ದೋಣಿ ಪಕ್ಕದಲ್ಲೇ ಇತ್ತು ಅಂತ ನೋಡಿದೆ. ಮಾನಕ್ಕೆ ಎಷ್ಟು ಬೇಕೋ ಅಷ್ಟೇ ಅಳತೆ ಹಾಕಿದೀನಿ. ಅವನು ನಿನ್ನ ಕಾಲಿಗೆ ಆ ಲೆಕ್ಕವನ್ನೂ ಹಾಕಲಿಲ್ಲ."

ತಮ್ಮ ಒಳಗೆ ಬಂದು ಬೆಂಚಿನ ತುದಿಯಲ್ಲಿ, ಬಾಗದ ಕಾಲನ್ನು ಮುಂದೆ ಚಾಚಿಕೊಂಡು ಕುಳಿತ. "ನನ್ನ ಕ್ಷಮಿಸಿಬಿಡು. ಮನೆಗೆ ಹೋಗೋಣ, ನಡಿ."

ಆಗ ಆಕೆ ತಲೆಯೆತ್ತಿದಳು. ಆ ಮಾತಿಗಾಗಿಯೇ ಆಕೆ ಬದುಕಿದ್ದಳು. ಬಂದಾಗ ಅದು ಸಾಲಲಿಲ್ಲ.

"ಅವನು ಪರಕೀಯ, ಸುಳ್ಳು ಹೇಳಿದ. ನೀನು ನನ್ನ ಸೊಂಟದ ಮೇಲೆ ಬೆಳೆದೋನು, ಅದನ್ನ ನಂಬಿದೆ. ಅವನ ಪಾಲಿಂದು ಇವತ್ತು ಮುಗೀತು. ನಿನ್ನ ಪಾಲಿಂದು ಶುರು ಕೂಡ ಆಗಿಲ್ಲ."

"ಏನು ಮಾಡ್ಬೇಕು ಹೇಳು."

ಆಕೆ ಅಚ್ಚಿನಿಂದ ಆಗತಾನೆ ಬಿಡಿಸಿದ, ಅಂಚುಗಳೆಲ್ಲ ಮುಳ್ಳುಮುಳ್ಳಾಗಿದ್ದ ಫಿನ್ನೊಂದನ್ನೂ ಒಂದು ಹಾಳೆ ಉಪ್ಪುಕಾಗದವನ್ನೂ ಅವನ ತೊಡೆಯ ಮೇಲಿಟ್ಟಳು. ಅದು ಆ ಕಸುಬಿನಲ್ಲಿ ಯಾರೂ ಬಯಸದ ಕೆಲಸ. ಧೂಳು ಮೂಗಿಗೇರುತ್ತದೆ, ಬೆರಳ ತುದಿ ಸವೆಯುತ್ತದೆ. ತಮ್ಮ ಉಜ್ಜಿದ. ಉಜ್ಜಿ ಕೊಟ್ಟದ್ದನ್ನು ಆಕೆ ಬೆಳಕಿಗೆ ಹಿಡಿದು, ಅಂಚಿನ ಮೇಲೆ ಉಗುರಾಡಿಸಿ, "ಇಲ್ಲಿ ಏರಿದೆ," ಎಂದು ಹಿಂದಿರುಗಿಸಿದಳು. ಅವನು ಮತ್ತೆ ಉಜ್ಜಿದ. "ಇಲ್ಲಿ ಇಳಿದಿದೆ," ಎಂದಳು.

ಮರುದಿನವೂ ಅವನು ಬಂದ, ಅದರ ಮರುದಿನವೂ. ಸರಿಯಾಗಿದ್ದುದನ್ನೂ ಆಕೆ ಹಿಂದಿರುಗಿಸುತ್ತಿದ್ದಳೆಂಬುದು ಅವನಿಗೂ ತಿಳಿದಿತ್ತು, ಅವನಿಗೆ ತಿಳಿದಿದೆಯೆಂಬುದು ಆಕೆಗೂ ತಿಳಿದಿತ್ತು.

"ಸಾಕು ಬಿಡಮ್ಮ," ಎಂದ ಟೇಲರ್ ಒಂದು ದಿನ, ಯಂತ್ರ ನಿಲ್ಲಿಸಿ. "ಆ ಫಿನ್ ಸವೆದು ಚಮಚ ಆಗ್ತಾ ಇದೆ."

"ಆಗ್ಲಿ," ಎಂದಳು ಫಿನ್ನಕ್ಕ. ತಮ್ಮನ ಬೆರಳುಗಳನ್ನೊಮ್ಮೆ ಹಿಡಿದು ತಿರುಗಿಸಿ ನೋಡಿ, ಬಿಟ್ಟಳು. "ಇನ್ನೊಂದು ಕೊಡ್ತೀನಿ."